ರೇಡಿಯೋ ಕಂಟ್ರೋಲ್ ವಿಮಾನ: ಹಾರಿಸೋದು, ಮಾರ್ಪಡಿಸೋದು, ರಿಪೇರಿ ಮಾಡೋದು ಹೇಗೆ? ಡ್ಯಾಂ ಭಾಗದವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ

ಟಿ.ಬಿ. ಡ್ಯಾಂ: ಥರ್ಮಾಕೋಲ್ ರೆಕ್ಕೆ, ಅಂಗೈಯಗಲದ ಮೋಟಾರು, ಕೈಯಲ್ಲೊಂದು ರಿಮೋಟ್. ನೋಡೋಕೆ ಆಟಿಕೆ ಅನ್ನಿಸಿದ್ರೂ ರೇಡಿಯೋ ಕಂಟ್ರೋಲ್ ಅಂದ್ರೆ ಆರ್‌ಸಿ ವಿಮಾನ ಆಟಿಕೆಯಲ್ಲ. ಒಂದು ಕೆಜಿ ತೂಕದ ವಿಮಾನ ವೇಗವಾಗಿ ಬಂದು ಬಡಿದರೆ ತಲೆ ಒಡೆಯುತ್ತೆ, ಅದರ ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದಲ್ಲಿ ಈ ಹವ್ಯಾಸಕ್ಕೆ ಇಳಿಯುವವರು, ಮಕ್ಕಳಿಗೆ ಕೊಡಿಸುವ ಪೋಷಕರು, ಬಿಡಿಭಾಗ ಮಾರುವ ಹಾಗೂ ಬೆಸುಗೆ ಹಾಕಿಕೊಡುವ ಅಂಗಡಿಯವರು ಗಮನಿಸಬೇಕಾದ ವಿಷಯ ಇಲ್ಲಿವೆ.

ಹಾರೋದು ಹೇಗೆ?

ರಿಮೋಟ್‌ನಿಂದ ಹೊರಟ ಸಂಕೇತವನ್ನು ವಿಮಾನದಲ್ಲಿರುವ ರಿಸೀವರ್ ಹಿಡಿಯುತ್ತೆ. ರಿಸೀವರ್ ಎರಡು ಕಡೆ ಆದೇಶ ಕೊಡುತ್ತೆ. ಒಂದು, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಗೆ. ಇನ್ನೊಂದು, ರೆಕ್ಕೆ ಮತ್ತು ಬಾಲದ ಪಟ್ಟಿ ಅಲ್ಲಾಡಿಸುವ ಸರ್ವೋ ಮೋಟಾರುಗಳಿಗೆ. ಬಾಲದ ಅಡ್ಡ ಪಟ್ಟಿ (ಎಲಿವೇಟರ್) ಮೂತಿಯನ್ನು ಮೇಲೆ ಕೆಳಗೆ ಮಾಡುತ್ತೆ. ನಿಂತ ಪಟ್ಟಿ (ರಡ್ಡರ್) ಎಡ ಬಲ ತಿರುಗಿಸುತ್ತೆ. ರೆಕ್ಕೆಯ ಪಟ್ಟಿಗಳು (ಏಲರಾನ್) ವಿಮಾನವನ್ನು ವಾಲಿಸುತ್ತವೆ.

ಅಮೆರಿಕದ ಗುಡ್ ಸಹೋದರರು 1937ರಲ್ಲೇ ಇಂಥ ವಿಮಾನ ಹಾರಿಸಿದ್ದರು. ಹಿಂದೆ ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ರಿಮೋಟ್ ಹಚ್ಚಿದರೆ ವಿಮಾನ ನೆಲಕ್ಕೆ ಬೀಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಜ್ ರಿಮೋಟ್‌ಗಳು ತಮ್ಮ ರಿಸೀವರ್ ಜೊತೆ ಮಾತ್ರ ಜೋಡಿಯಾಗುವುದರಿಂದ ಆ ತೊಂದರೆ ಬಹುಪಾಲು ತಪ್ಪಿದೆ. ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಭಾಗವೇ ಆಗಿದೆ.

ಮೊದಲ ವಿಮಾನ ಯಾವುದು?

ರೆಕ್ಕೆ ಮೇಲ್ಭಾಗದಲ್ಲಿರುವ, ಫೋಮಿನ ಟ್ರೈನರ್ ಮಾದರಿ ಸಾಕು. ಕಲಿಯುವ ಮೊದಲೇ ಜೆಟ್ ರೂಪದ್ದು ತಂದವರ ದುಡ್ಡು ಮೊದಲ ದಿನವೇ ಮಣ್ಣುಪಾಲು. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್‌ನಿಂದಲೂ ವಿಮಾನ ಕಟ್ಟಬಹುದು. ಸೈಕಲ್ ಕಡ್ಡಿಯನ್ನು ಸರ್ವೋ ಕಡ್ಡಿಯಾಗಿ ಬಳಸಬಹುದು. ಕೈಗೆ ಬರೋವರೆಗೆ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡೋದು ಅಗ್ಗ. ವಿಮಾನ ನಿಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತೆ. ಹೊಸಬರು ಬೀಳಿಸೋದು ಹೆಚ್ಚಾಗಿ ಅಲ್ಲೇ.

ತೂಕದ ಮಧ್ಯಬಿಂದು ಮುಖ್ಯ

ಸಾಮಾನ್ಯ ಟ್ರೈನರ್‌ನಲ್ಲಿ ರೆಕ್ಕೆಯ ಅಗಲದ 25ರಿಂದ 30 ಶೇಕಡಾ ಹಿಂದಕ್ಕೆ ತೂಕದ ಮಧ್ಯಬಿಂದು ಇರಬೇಕು. ರೆಕ್ಕೆ 20 ಸೆಂ.ಮೀ. ಅಗಲ ಇದ್ದರೆ ಮುಂದಿನ ಅಂಚಿನಿಂದ 5-6 ಸೆಂ.ಮೀ. ಅಲ್ಲಿ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ ನಿಲ್ಲಬೇಕು. ಬಾಲ ಭಾರವಾದರೆ ವಿಮಾನ ಕೈಮಾತು ಕೇಳಲ್ಲ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಇದನ್ನು ಸರಿ ಮಾಡಬಹುದು.

ಮಾರ್ಪಾಡು ಮಾಡುವ ಮುನ್ನ ಲೆಕ್ಕ ಹಾಕಿ

ಮೋಟಾರಿನ ಮೇಲೆ 1000 ಕೆವಿ ಅಂತ ಬರೆದಿದ್ದರೆ ಒಂದು ವೋಲ್ಟಿಗೆ 1000 ಸುತ್ತು ಅಂತ ಅರ್ಥ. 11.1 ವೋಲ್ಟ್ ಬ್ಯಾಟರಿಗೆ, ಹೊರೆ ಇಲ್ಲದಾಗ, ನಿಮಿಷಕ್ಕೆ ಸುಮಾರು 11,100 ಸುತ್ತು. ಪ್ರೊಪೆಲ್ಲರ್ ದೊಡ್ಡದು ಹಾಕಿದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತೆ. 30 ಆಂಪಿಯರ್ ಇಎಸ್‌ಸಿಗೆ 40 ಆಂಪಿಯರ್ ಹೊರೆ ಬಿದ್ದರೆ ಅದು ಗಾಳಿಯಲ್ಲೇ ಸುಡುತ್ತೆ. ಬ್ಯಾಟರಿಗೂ ಮಿತಿ ಇದೆ. 2200 ಎಂಎಎಚ್, 25ಸಿ ಅಂದ್ರೆ ಗರಿಷ್ಠ 55 ಆಂಪಿಯರ್. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಹಾರಿಸಿ ನೋಡಿ, ಆಮೇಲೆ ಮುಂದಿನದು. ಕಲ್ಲು ಮುಳ್ಳಿನ ಬಯಲಲ್ಲಿ ಚಕ್ರ ತೆಗೆದು, ಕೈಯಿಂದ ಎಸೆದು, ಹೊಟ್ಟೆಯ ಮೇಲೆ ಇಳಿಸೋದೇ ವಾಸಿ.

ಬಿದ್ದ ಮೇಲೆ ರಿಪೇರಿ

ಓಡಿ ಹೋದ ಕೂಡಲೇ ಮೊದಲು ಬ್ಯಾಟರಿ ಬಿಡಿಸಬೇಕು. ಮೋಟಾರು ತಟ್ಟನೆ ತಿರುಗಿದರೆ ಬೆರಳು ಹೋಗುತ್ತೆ. ಬಿರುಕು ಬಿಟ್ಟ ಪ್ರೊಪೆಲ್ಲರ್ ಅಂಟಿಸಬೇಡಿ, ಎಸೆಯಿರಿ. ಬಿಳಿ ಥರ್ಮಾಕೋಲ್‌ಗೆ ಫೆವಿಕ್ವಿಕ್, ಪಂಚರ್ ಸೊಲ್ಯೂಷನ್ ಹಚ್ಚಿದರೆ ಫೋಮ್ ಕರಗುತ್ತೆ. ಬಿಳಿ ಫೆವಿಕಾಲ್, ಎಪಾಕ್ಸಿ ಬಳಸಬೇಕು. ಹಾಟ್ ಗ್ಲೂ ಹೆಚ್ಚು ಕಾಯಿಸದೆ ಹಾಕಬಹುದು. ಮುರಿದ ರೆಕ್ಕೆಯೊಳಗೆ ಬಿದಿರು ಕಡ್ಡಿ ತೂರಿಸಿ ಅಂಟಿಸಿ, ಮೇಲೆ ಟೇಪ್ ಸುತ್ತಿದರೆ ಗಟ್ಟಿ. ರಿಪೇರಿ ಮಾಡಿದ ಮೇಲೆ ತೂಕದ ಮಧ್ಯಬಿಂದು ಮತ್ತೆ ನೋಡಲೇಬೇಕು.

ಸಂಡೂರು ಕಡೆಯ ಅದಿರು ಧೂಳಿನ ವಿಷಯದಲ್ಲಿ ಎಚ್ಚರ. ಮೋಟಾರಿನೊಳಗೆ ಅಯಸ್ಕಾಂತ ಇರುವುದರಿಂದ ಮಣ್ಣಿನಲ್ಲಿರುವ ಕಬ್ಬಿಣದ ಕಣ ಅಂಟಿಕೊಳ್ಳುತ್ತೆ. ಮಣ್ಣಿಗೆ ಮೂತಿ ತಾಗಿದ ಮೋಟಾರನ್ನು ಬ್ರಷ್, ಟೇಪಿನಿಂದ ಶುಚಿ ಮಾಡದೆ ಚಾಲು ಮಾಡಬಾರದು.

ಬ್ಯಾಟರಿ: ಅಂಗಡಿಯವರೂ ಓದಬೇಕಾದ ಭಾಗ

ಲಿಥಿಯಂ ಪಾಲಿಮರ್ ಅಂದ್ರೆ ಲೈಪೋ ಬ್ಯಾಟರಿಯ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. ಹಾರಿಸುವಾಗ 3.5ರ ಹತ್ತಿರ ಬಂದರೆ ಇಳಿಸಬೇಕು. ವಾರಗಟ್ಟಲೆ ಇಡುವುದಾದರೆ 3.8 ವೋಲ್ಟ್‌ನಲ್ಲಿಡಬೇಕು. ಲೈಪೋಗೆಂದೇ ಇರುವ ಬ್ಯಾಲೆನ್ಸ್ ಚಾರ್ಜರ್ ಬೇಕು, 2200 ಎಂಎಎಚ್‌ಗೆ 2.2 ಆಂಪಿಯರ್ ಸಾಕು. ಚಾರ್ಜಿಗೆ ಹಾಕಿ ಮಲಗೋದು ಬೇಡ. ಬೇಸಿಗೆ ಬಿಸಿಲಲ್ಲಿ ಕಾರಿನೊಳಗೆ, ಬೈಕ್ ಡಿಕ್ಕಿಯಲ್ಲಿ ಬಿಡೋದೂ ಬೇಡ.

ಉಬ್ಬಿದ ಬ್ಯಾಟರಿಯನ್ನು ಚುಚ್ಚಿದರೆ, ಒತ್ತಿದರೆ ಬೆಂಕಿ ಹತ್ತುತ್ತೆ. ಬೆಸುಗೆಗೆ ಅಂಥದ್ದು ಬಂದರೆ ಅಂಗಡಿಯವರು ವಾಪಸ್ ಕಳಿಸೋದೇ ಸರಿ. ಕನೆಕ್ಟರ್ ಬದಲಿಸುವಾಗ ಒಂದು ವಯರ್ ಮಾತ್ರ ಕತ್ತರಿಸಿ, ಮುಗಿಸಿ, ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ಕತ್ತರಿಸಿದರೆ ಶಾರ್ಟ್ ಆಗುತ್ತೆ. ಅಂಗಡಿಯಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಹಾಳಾದ ಬ್ಯಾಟರಿ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಕಾನೂನು ಏನು ಹೇಳುತ್ತೆ?

2021ರ ಆಗಸ್ಟ್ 25ರಂದು ಅಧಿಸೂಚನೆಯಾದ ಡ್ರೋನ್ ನಿಯಮಗಳು ನಾಲ್ಕು ಫ್ಯಾನಿನ ಡ್ರೋನ್‌ಗೆ ಮಾತ್ರವಲ್ಲ, ಪೈಲಟ್ ಇಲ್ಲದ ರೆಕ್ಕೆಯ ವಿಮಾನಕ್ಕೂ ಅನ್ವಯ. 250 ಗ್ರಾಂವರೆಗಿನದು ನ್ಯಾನೋ, 2 ಕೆಜಿವರೆಗೆ ಮೈಕ್ರೋ. ನ್ಯಾನೋಗೂ, ವ್ಯಾಪಾರಕ್ಕಲ್ಲದ ಮೈಕ್ರೋಗೂ ಪೈಲಟ್ ಪ್ರಮಾಣಪತ್ರ ಬೇಡ. ಹವ್ಯಾಸದ ಮಾದರಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಬೇಕು. ಹಸಿರು ವಲಯದಲ್ಲಿ ಮಿತಿ 400 ಅಡಿ. ವಿಮಾನ ನಿಲ್ದಾಣದಿಂದ 8-12 ಕಿ.ಮೀ. ಒಳಗೆ 200 ಅಡಿ. ಇನ್ನೂ ಹತ್ತಿರವಾದರೆ ಅನುಮತಿ ಬೇಕು. ತೋರಣಗಲ್ಲು ಬಳಿಯ ವಿದ್ಯಾನಗರ ವಿಮಾನ ನಿಲ್ದಾಣದ ಆಸುಪಾಸಿನವರು ಇದನ್ನು ನೆನಪಿಡಬೇಕು. ಗಣ್ಯರ ಭೇಟಿ, ಉತ್ಸವದಂಥ ಸಮಯದಲ್ಲಿ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸಲು ಅವಕಾಶವಿದೆ. ನಿಯಮ ಮೀರಿದರೆ ದಂಡ 1 ಲಕ್ಷ ರೂಪಾಯಿವರೆಗೆ. ವಲಯದ ನಕ್ಷೆಗೆ ಡಿಜಿಟಲ್ ಸ್ಕೈ ನೋಡಿ, ಅನುಮಾನ ಇದ್ದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಕೇಳಿ.

ಎಲ್ಲಿ ಬೇಡ, ಎಲ್ಲಿ ಸರಿ?

33 ಕ್ರೆಸ್ಟ್ ಗೇಟ್‌ಗಳ ಜಲಾಶಯ, ವಿದ್ಯುತ್ ಕೇಂದ್ರ, ಪ್ರವಾಸಿಗರು ತುಂಬಿರುವ ಉದ್ಯಾನದ ಬಳಿ ಬೇಡವೇ ಬೇಡ. ಹಂಪಿಯ ಸಂರಕ್ಷಿತ ಸ್ಮಾರಕಗಳ ಮೇಲೂ ಬೇಡ. ಕ್ಯಾಮೆರಾ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಪಕ್ಷಿಧಾಮ, ದರೋಜಿ ಕರಡಿಧಾಮದ ಕಡೆಯೂ ಹೋಗಬೇಡಿ.

ಬೆಳೆ ಕಟಾವಾದ ಹೊಲ, ಮಾಲೀಕರ ಒಪ್ಪಿಗೆ, ಸೂರ್ಯೋದಯದ ನಂತರದ ಒಂದೆರಡು ತಾಸು, ಇವಿಷ್ಟು ಕೂಡಿ ಬಂದರೆ ಒಳ್ಳೆಯದು. ಹೊತ್ತೇರಿದಂತೆ ನೆಲ ಕಾದು ಗಾಳಿ ಎತ್ತಿಹಾಕುತ್ತೆ. ಮುಂಗಾರಿನ ತಿಂಗಳಲ್ಲಿ ಪಡುವಣ ಗಾಳಿ ಜೋರು, ಹಗುರ ವಿಮಾನ ವಾಪಸ್ ಬರಲ್ಲ. ಹಾರಿಸುವ ಮುನ್ನ ರಿಮೋಟ್ ಆಫ್ ಮಾಡಿ ನೋಡಿ, ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ ಸರಿಪಡಿಸದೆ ಹಾರಿಸಬಾರದು. ಈ ಪರೀಕ್ಷೆಯನ್ನು ಪ್ರೊಪೆಲ್ಲರ್ ಬಿಚ್ಚಿಯೇ ಮಾಡಿ.

ಕಳೆದುಹೋದರೆ ಬಿಟ್ಟುಬಿಡಿ

ಕರೆಂಟ್ ತಂತಿಗೆ ಸಿಕ್ಕಿದ ವಿಮಾನವನ್ನು ಗಳದಿಂದ ಎಳೆಯಬೇಡಿ, ಜೆಸ್ಕಾಂಗೆ ತಿಳಿಸಿ. ಎಚ್‌ಎಲ್‌ಸಿ, ಎಲ್‌ಎಲ್‌ಸಿ ಕಾಲುವೆಗೆ ಬಿದ್ದರೆ ಇಳಿಯಬೇಡಿ. ಕಾಲುವೆಯ ಸೆಳೆತಕ್ಕೆ ಈಜು ಬಲ್ಲವರೂ ನಿಲ್ಲಲ್ಲ. ತುಂಗಭದ್ರಾ ನದಿಯಲ್ಲಿ ಮೊಸಳೆಗಳೂ ಇವೆ. ಮಕ್ಕಳಿಗೆ ವಿಮಾನ ಕೊಡಿಸುವ ದಿನವೇ ಈ ಮಾತು ಹೇಳಿ: ನೀರಿಗೆ ಬಿದ್ದದ್ದು ನೀರಿಗೆ ಹೋಯ್ತು, ಇನ್ನೊಂದು ಕಟ್ಟಬಹುದು.