ತಲಾಠಿ ಚೀಲದಿಂದ ಬೆಂಗಳೂರಿನ ಸರ್ವರ್‌ವರೆಗೆ ನಮ್ಮ ಉತಾರ

ಉತಾರ ತೆಗೆಸಲು ಹೋದವರಿಗೆಲ್ಲ ‘ಸರ್ವರ್ ಇಲ್ಲರೀ, ನಾಳೆ ಬರ್ರಿ’ ಅನ್ನುವ ಮಾತು ಗೊತ್ತು. ಈ ಸರ್ವರ್ ಎಲ್ಲಿದೆ? ಅದು ಇಲ್ಲದಾಗ ನಮ್ಮ ಹೊಲದ ದಾಖಲೆ ಏನಾಗುತ್ತದೆ? ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಉತಾರ ತಲಾಠಿಯ ಕೈಬರಹದಲ್ಲಿ ಇರುತ್ತಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಪುಸ್ತಕ ಅವರ ಬಳಿಯೇ ಇರುತ್ತಿದ್ದುದರಿಂದ ಅವರು ಸಿಕ್ಕ ದಿನವೇ ಉತಾರ. ಒಳಗೆ ಏನಾದರೂ ತಿದ್ದಿದರೂ ರೈತನಿಗೆ ಗೊತ್ತಾಗುವುದು ಕಷ್ಟವಿತ್ತು.

ಆಮೇಲೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. 2002ರ ಹೊತ್ತಿಗೆ ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಆದರೆ ಆಗ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಅದು ಕೆಟ್ಟರೆ ಆ ಒಂದು ತಾಲ್ಲೂಕಿನ ಕೆಲಸ ಮಾತ್ರ ನಿಲ್ಲುತ್ತಿತ್ತು. ಗಲಗಲಿಯ ಹೊಲದ ಉತಾರಕ್ಕೆ ಬೀಳಗಿಗೇ ಬರಬೇಕಿತ್ತು.

2006ರಿಂದ ಹೋಬಳಿಗಳಲ್ಲಿ ‘ನೆಮ್ಮದಿ’ ಕೇಂದ್ರಗಳು ತೆರೆದವು. ಛಾವಣಿಯ ಮೇಲಿನ ತಟ್ಟೆ ಆಂಟೆನಾ ಉಪಗ್ರಹದ ಮೂಲಕ ಕೇಂದ್ರವನ್ನು ದೂರದ ಸರ್ವರಿಗೆ ಜೋಡಿಸುತ್ತಿತ್ತು. ಕ್ರಮೇಣ ತಾಲ್ಲೂಕುಗಳ ದಾಖಲೆಗಳೂ ಬೆಂಗಳೂರಿನ ಡೇಟಾ ಸೆಂಟರಿಗೆ ಸೇರಿದವು.

ಈಗ ಕೌಂಟರಿನ ಕಂಪ್ಯೂಟರಿನಲ್ಲಿ ನಮ್ಮ ಉತಾರ ಇಲ್ಲ. ಅದು ಕೇಳುವ ಯಂತ್ರ ಅಷ್ಟೇ. ಸರ್ವೆ ನಂಬರ್ ಒತ್ತಿದರೆ ಪ್ರಶ್ನೆ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿನ ಸರ್ವರ್ ಹುಡುಕಿ ಉತ್ತರ ಕಳಿಸುತ್ತದೆ, ಇಲ್ಲಿನ ಪ್ರಿಂಟರ್ ಅಚ್ಚು ಹಾಕುತ್ತದೆ. ಕೌಂಟರ್, ನಡುವಿನ ಲೈನ್, ಬೆಂಗಳೂರಿನ ಸರ್ವರ್, ಈ ಮೂರರಲ್ಲಿ ಯಾವುದು ನಿಂತರೂ ನಮಗೆ ಕೇಳಿಸುವುದು ಒಂದೇ ಮಾತು: ‘ಸರ್ವರ್ ಇಲ್ಲ.’

ಬೆಳೆಸಾಲ, ಬೆಳೆವಿಮೆ, ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರ, ಎಲ್ಲಕ್ಕೂ ಉತಾರದಲ್ಲಿನ ಹೆಸರೇ ಆಧಾರ. ಕೊನೆಯ ದಿನ ಲೈನ್ ಕಟ್ಟಾದರೆ ನಷ್ಟ ರೈತನಿಗೇ. ಹಾಗಾಗಿ ಸುಮ್ಮನೆ ತಿರುಗಿ ಬರಬೇಡಿ. ಪಕ್ಕದ ಕೇಂದ್ರದಲ್ಲಿ ಉತಾರ ಬರುತ್ತಿದೆಯೇ ವಿಚಾರಿಸಿ. ಅಲ್ಲಿ ಬರುತ್ತಿದ್ದರೆ ತೊಂದರೆ ಈ ಕೌಂಟರಿನದು ಅಥವಾ ಇದರ ಲೈನಿನದು. ಮುಧೋಳ, ಜಮಖಂಡಿಯಲ್ಲೂ ನಿಂತಿದ್ದರೆ ಬಹುಶಃ ಬೆಂಗಳೂರಿನದು.

ತಲಾಠಿ ಊರಲ್ಲಿ ಇಲ್ಲದಿದ್ದರೆ ಎಲ್ಲಿ ಹೋಗಿದ್ದಾರೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಸರ್ವರ್ ಇಲ್ಲ ಅಂದಾಗ ನಾವೂ ಕೇಳೋಣ: ‘ಎಲ್ಲಿ ನಿಂತೈತ್ರೀ?’