ಮನೋರೋಗ, ಸ್ತ್ರೀ ಮತ್ತು ಕುಟುಂಬಧರ್ಮ

ಮನೆಯಲ್ಲೊಬ್ಬರಿಗೆ ತೀವ್ರ ಮನೋರೋಗ ಬಂದರೆ ಅದರ ಭಾರವನ್ನು ಇಡೀ ಕುಟುಂಬವೇ ಹೊರಬೇಕಾಗುತ್ತದೆ. ಆದರೆ ಆ ಭಾರವು ಯಾರ ಹೆಗಲಿಗೆ ಬೀಳುವುದೆಂಬುದು ರೋಗಿಯು ಪುರುಷನೋ ಸ್ತ್ರೀಯೋ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದೊಳಗೆ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಬಂಧುಗಳನ್ನೂ ಇರಿಸಿಕೊಂಡರು. ಶುಶ್ರೂಷೆಯನ್ನು ಕಣ್ಣಾರೆ ಕಂಡ ಬಂಧುಗಳು ಭಯವನ್ನು ನೀಗಿಕೊಂಡು, ರೋಗಿಯನ್ನು ಮನೆಗೆ ಕರೆದೊಯ್ಯಲು ಸಿದ್ಧರಾದರು. ಕುಟುಂಬವೂ ಚಿಕಿತ್ಸೆಯ ಒಂದು ಅಂಗವೆಂಬ ತತ್ತ್ವಕ್ಕೆ ನಮ್ಮ ದೇಶದಲ್ಲಿ ಇದು ಮಾರ್ಗದರ್ಶಕವಾಯಿತು.

ಆದರೆ ವಿವಾಹಿತೆಗೆ ಆ ಕುಟುಂಬ ಯಾವುದು? ಸ್ಕಿಜೋಫ್ರೀನಿಯಾ ರೋಗವು ಪುರುಷರಲ್ಲಿ ಸಾಮಾನ್ಯವಾಗಿ 18ರಿಂದ 25 ವರ್ಷಗಳ ನಡುವೆ ಕಾಣಿಸಿಕೊಂಡರೆ, ಸ್ತ್ರೀಯರಲ್ಲಿ ಕೆಲವು ವರ್ಷ ತಡವಾಗಿ, ಕೆಲವರಲ್ಲಿ 45ರ ಬಳಿಕವೂ ತೋರುತ್ತದೆ. ಆದ್ದರಿಂದ ಅಸ್ವಸ್ಥನಾದ ಮಗನು ಅನೇಕ ವೇಳೆ ಅವಿವಾಹಿತನಾಗಿ ತಂದೆತಾಯಿಗಳ ಬಳಿಯಲ್ಲೇ ಉಳಿಯುತ್ತಾನೆ. ಮಗಳಾದರೋ ಆ ವೇಳೆಗೆ ಪತ್ನಿಯಾಗಿ, ತಾಯಿಯಾಗಿ ಇನ್ನೊಂದು ಮನೆಯನ್ನು ಸೇರಿರುತ್ತಾಳೆ.

ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು ಮನೋರೋಗವನ್ನು ವಿಚ್ಛೇದನಕ್ಕೆ ಒಂದು ಕಾರಣವೆಂದು ಒಪ್ಪುತ್ತದೆ. ಪತ್ನಿಗೆ ಸ್ಕಿಜೋಫ್ರೀನಿಯಾ ಇದೆಯೆಂದು ಪತಿಯೊಬ್ಬನು ಹೂಡಿದ ದಾವೆಯಲ್ಲಿ, 1988ರಲ್ಲಿ ಸುಪ್ರೀಂ ಕೋರ್ಟು ರೋಗದ ಹೆಸರು ಮಾತ್ರವೇ ಸಾಲದೆಂದೂ, ಸಹಜೀವನ ಸಾಧ್ಯವಿಲ್ಲದಷ್ಟು ಅದು ತೀವ್ರವಾಗಿದೆಯೆಂಬುದು ಸಿದ್ಧವಾಗಬೇಕೆಂದೂ ತೀರ್ಪಿತ್ತಿತು.

ಆದರೆ ಪರಿತ್ಯಾಗವೆಲ್ಲವೂ ನ್ಯಾಯಾಲಯದ ಮೂಲಕ ನಡೆಯುವುದಿಲ್ಲ. ಚೆನ್ನೈನಲ್ಲಿ ಡಾ. ಶಾರದಾ ಮೆನನ್ ಅವರು 1984ರಲ್ಲಿ ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಂಗಡಿಗರು, ದಾಂಪತ್ಯ ಮುರಿದುಬಿದ್ದ ರೋಗಿಣಿಯರ ಸ್ಥಿತಿಗತಿಗಳನ್ನು 2003ರಲ್ಲಿ ಪ್ರಕಟಿಸಿದರು. ಅವರಲ್ಲಿ ಕಾನೂನುಬದ್ಧವಾಗಿ ಬೇರ್ಪಟ್ಟವರು ಕೆಲವರೇ. ರೋಗದ ಕಳಂಕಕ್ಕಿಂತ ಗಂಡನು ಬಿಟ್ಟವಳೆಂಬ ಕಳಂಕವೇ ಅವರನ್ನೂ ಅವರ ಮನೆಯವರನ್ನೂ ಹೆಚ್ಚಾಗಿ ನೋಯಿಸಿತ್ತು. ತಮ್ಮ ಕಾಲಾನಂತರ ಮಗಳ ಗತಿಯೇನೆಂಬ ಚಿಂತೆ ವೃದ್ಧ ತಂದೆತಾಯಿಗಳನ್ನು ಬಾಧಿಸುತ್ತಿತ್ತು.

ಔಷಧಿಯಿಂದ ರೋಗವನ್ನು ಹತೋಟಿಯಲ್ಲಿಡಬಹುದು; ಪರಿತ್ಯಾಗದ ಗಾಯಕ್ಕೆ ಔಷಧಿಯಿಲ್ಲ. ಸಂಬಂಧ ಕೂಡಿಸುವಾಗ ರೋಗವನ್ನು ಮರೆಮಾಚದಿರುವುದು, ವಿವಾಹಾನಂತರ ಬಂದ ರೋಗಕ್ಕೆ ಸೊಸೆಯನ್ನು ಹೊಣೆಯಾಗಿಸದಿರುವುದು, ಅವಳೊಡನೆ ಪತಿಯೂ ವೈದ್ಯರಲ್ಲಿಗೆ ಹೋಗುವುದು, ಆಸರೆಯಿಲ್ಲದವಳ ಔಷಧೋಪಚಾರಕ್ಕೆ ಬಸದಿಯ ಟ್ರಸ್ಟುಗಳು ಕಿಂಚಿತ್ ನೆರವಾಗುವುದು: ಇವೆಲ್ಲವೂ ನಮ್ಮ ಕೈಯಲ್ಲೇ ಇರುವ ಕಾರ್ಯಗಳು. ಅಮೃತಸರದ ಡೇರೆಗಳಲ್ಲಿ ಬಂಧುಗಳು ರೋಗಿಯ ಜೊತೆಗಿದ್ದರು. ರೋಗಿಯು ಸೊಸೆಯಾದಾಗಲೂ ನಾವು ಹಾಗೆಯೇ ಜೊತೆಗಿರಬೇಕು.