ಓರ್ಲೆಯಾನ್ ಪಟ್ಟಣದ ವಿನೆಗರ್

ಫ್ರಾನ್ಸಿನ ಓರ್ಲೆಯಾನ್ ಪಟ್ಟಣ ವಿನೆಗರ್‌ಗೆ ಹೆಸರಾದದ್ದು ಲ್ವಾರ್ ನದಿಯಿಂದ. ಪ್ಯಾರಿಸ್ಸಿಗೆಂದು ದೋಣಿಗಳಲ್ಲಿ ಬಂದ ದ್ರಾಕ್ಷಾರಸ ಇಲ್ಲಿ ಗಾಡಿಗೇರುತ್ತಿತ್ತು. ದಾರಿಯಲ್ಲೇ ಹುಳಿತದ್ದು ಪಟ್ಟಣದಲ್ಲಿ ಉಳಿದು ವಿನೆಗರ್ ಆಗುತ್ತಿತ್ತು. ಇಲ್ಲಿನ ವಿಧಾನದ ಹಿರಿಮೆ ಅದರ ನಿಧಾನದಲ್ಲಿದೆ. ಅಡ್ಡ ಮಲಗಿಸಿದ ಓಕ್ ಪೀಪಾಯಿಯನ್ನು ಪೂರ್ತಿ ತುಂಬದೆ, ಗಾಳಿಗೆ ರಂಧ್ರ ಬಿಟ್ಟು, ಹಳೆಯ ವಿನೆಗರ್‌ಗೆ ಆಗಾಗ ಹೊಸ ದ್ರಾಕ್ಷಾರಸ ಎರೆಯುತ್ತಾರೆ. ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಸಿದ್ಧವಾದದ್ದನ್ನು ಒಂದಿಷ್ಟೇ ತೆಗೆದು ಉಳಿದುದನ್ನು ಹೆಪ್ಪಿನಂತೆ ಬಿಡುತ್ತಾರೆ. ಮದ್ಯಸಾರವನ್ನು ಹುಳಿಯಾಗಿಸುವುದು ಆ ಪೊರೆಯ ಸೂಕ್ಷ್ಮಜೀವಿಗಳೇ ಎಂದು ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿದ. ಅವನ ವಿನೆಗರ್ ಗ್ರಂಥ 1868ರಲ್ಲಿ ಹೊರಬಂತು. ಅಷ್ಟರಲ್ಲಿ ಜರ್ಮನಿಯ ಶೀಘ್ರ ವಿಧಾನ ತಿಂಗಳುಗಳ ಕೆಲಸವನ್ನು ದಿನಗಳಿಗೆ ಇಳಿಸಿತ್ತು. ರುಚಿಯಲ್ಲಿ ಮಾತ್ರ ಅದು ಓರ್ಲೆಯಾನ್‌ಗೆ ಸಾಟಿಯಾಗಲಿಲ್ಲ. ಫ್ರೆಂಚ್ ಮನೆಗಳಲ್ಲಿ ಓರ್ಲೆಯಾನ್‌ನ ನಿಧಾನ ಕ್ರಮವೇ ಪುಟ್ಟ ಜಾಡಿಯಲ್ಲಿ ನಡೆಯುತ್ತಿತ್ತು. ಟ್ಯಾರಗನ್ ಸೊಪ್ಪನ್ನೋ ರಾಸ್ಪ್‌ಬೆರಿ ಹಣ್ಣನ್ನೋ ನೆನೆಹಾಕಿ ಪರಿಮಳ ಕೂಡಿಸುತ್ತಿದ್ದರು.